ಹಳೇ ಮದುವೆ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸೋದು ಹೇಗೆ: ಕೇಬಲ್ ಆಮೇಲೆ, ಮೊದಲು ಬೂಷ್ಟು ನೋಡಿ

ಮನೇಲಿರೋ ವಿಡಿಯೋ ಕ್ಯಾಸೆಟ್ ಡಿಜಿಟಲ್ ಮಾಡ್ಬೇಕು ಅಂತ ಹೊರಡೋರು ಮೊದಲು ಕೇಳೋದು ಒಂದೇ ಪ್ರಶ್ನೆ, ಯಾವ ಕೇಬಲ್ ತಗೊಳ್ಳಲಿ ಅಂತ. ಆನ್‌ಲೈನಲ್ಲಿ ವಿಸಿಆರ್ ಚಿತ್ರಾನ ಕಂಪ್ಯೂಟರಿಗೆ ಇಳಿಸೋ ಒಂದು ಯುಎಸ್‌ಬಿ ಡಾಂಗಲ್ ತರಿಸ್ತಾರೆ, ಯಾರದೋ ಮನೇಲಿ ವರ್ಷಗಟ್ಟಲೆ ಆನ್ ಮಾಡದೇ ಇದ್ದ ವಿಸಿಆರ್ ಎತ್ಕೊಂಡು ಬರ್ತಾರೆ, ಅಪ್ಪ ಅಮ್ಮನ ಮದುವೆ ಕ್ಯಾಸೆಟ್ಟನ್ನೇ ಮೊದಲು ಒಳಗೆ ತಳ್ಳಿ ಪ್ಲೇ ಒತ್ತುತ್ತಾರೆ. ಟೇಪು ರೋಲರಿಗೆ ಸುತ್ಕೊಂಡು ಕರಕರ ಅನ್ನುತ್ತೆ, ಧಾರೆ ಎರೆಯೋ ಹೊತ್ತಿನ ಐದು ನಿಮಿಷ ಮುದ್ದೆ ಆಗಿ ಹೊರಗೆ ಬರುತ್ತೆ. ಇದನ್ನ ನಾನು ಬೇಕಾದಷ್ಟು ಮನೆಗಳಲ್ಲಿ ನೋಡಿದೀನಿ. ಕೇಬಲ್ಲು, ಸಾಫ್ಟ್‌ವೇರು ಎಲ್ಲ ಸುಲಭದ ಭಾಗ, ಕೆಲಸ ಕೆಡೋದು ಟೇಪು ಮತ್ತೆ ವಿಸಿಆರ್ ಹತ್ರ. ಅದಕ್ಕೇ ಈ ಲೇಖನದಲ್ಲಿ ಅರ್ಧಕ್ಕರ್ಧ ಅದೇ ಇರುತ್ತೆ.

ಇನ್ನೊಂದು ವಿಷಯ, ಮುಂದಿನ ವರ್ಷ ಮಾಡೋಣ ಅಂತ ಬಿಡಬೇಡಿ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸ್ತು, ಅದೇ ಕೊನೇದು. ಈಗ ಸಿಗೋದೆಲ್ಲ ಸೆಕೆಂಡ್ ಹ್ಯಾಂಡ್, ರಿಪೇರಿ ಗೊತ್ತಿರೋ ಕೈಗಳೂ ಕಡಿಮೆ ಆಗ್ತಾ ಇವೆ.

ಹಂತ 1: ಯಾವ ಕ್ಯಾಸೆಟ್ ಅಂತ ಗುರುತಿಸಿ

ದೊಡ್ಡ ಕರೀ ಕ್ಯಾಸೆಟ್ ಆದ್ರೆ ವಿಎಚ್‌ಎಸ್. ಆಡಿಯೋ ಕ್ಯಾಸೆಟ್ ಗಾತ್ರದ್ದಾದ್ರೆ ವಿಡಿಯೋ8 ಅಥವಾ ಹೈ8, ಅದಕ್ಕೆ ಆ ಕ್ಯಾಮ್‌ಕಾರ್ಡರೇ ಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿದ್ದು ಮೇಲೆ ಮಿನಿ ಡಿವಿ ಅಂತಿದ್ರೆ ಈ ಲೇಖನ ಬಿಟ್ಟುಬಿಡಿ, ಅದರಲ್ಲಿರೋದು ಆಗ್ಲೇ ಡಿಜಿಟಲ್. ಕ್ಯಾಮೆರಾಗೆ ಫೈರ್‌ವೈರ್ ಕೇಬಲ್ ಹಾಕಿ ಕಾಪಿ ಮಾಡ್ಕೋಬೇಕು ಅಷ್ಟೆ, ಗಂಟೆಗೆ ಸುಮಾರು 13 ಜಿಬಿ ಆಗುತ್ತೆ. ಅದನ್ನೂ ಟಿವಿಗೆ ಹಾಕೋ ಹಳದಿ ಅನಲಾಗ್ ಕೇಬಲಲ್ಲಿ ಎಳೆದು ಹಾಳು ಮಾಡೋರಿದ್ದಾರೆ.

ಅಮೆರಿಕದಲ್ಲಿರೋ ಅಣ್ಣನೋ ಚಿಕ್ಕಪ್ಪನೋ ಕಳಿಸಿದ ಕ್ಯಾಸೆಟ್ ಇದ್ರೆ ಬೇರೆ ಎತ್ತಿಡಿ. ನಮ್ಮ ದೇಶದ ಟಿವಿ ಪದ್ಧತಿ ಪಾಲ್, 625 ಗೆರೆ, ಸೆಕೆಂಡಿಗೆ 25 ಫ್ರೇಮ್. ಅಲ್ಲಿಯದು ಎನ್‌ಟಿಎಸ್‌ಸಿ, 525 ಗೆರೆ. ಅದನ್ನ ಓದೋ ಮಲ್ಟಿಸಿಸ್ಟಮ್ ವಿಸಿಆರ್ ಬೇಕು, ಇಲ್ಲಾಂದ್ರೆ ಚಿತ್ರ ಕಪ್ಪು ಬಿಳುಪಾಗುತ್ತೆ ಅಥವಾ ಉರುಳ್ತಾನೇ ಇರುತ್ತೆ, ಜನ ಕ್ಯಾಸೆಟ್ ಕೆಟ್ಟಿದೆ ಅಂದ್ಕೊಂಡು ಬಿಸಾಕ್ತಾರೆ.

ವಿಎಚ್‌ಎಸ್ ಕ್ಯಾಸೆಟ್ಟಿನ ಹಿಂಬದಿ ಅಂಚಲ್ಲಿರೋ ಚಿಕ್ಕ ಪ್ಲಾಸ್ಟಿಕ್ ಟ್ಯಾಬ್ ಮುರಿದುಬಿಡಿ, ಅಪ್ಪಿತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಮೇಲೆ ಏನೂ ಅಚ್ಚಾಗಲ್ಲ.

ಹಂತ 2: ಬೂಷ್ಟು

ಇಲ್ಲಿ ನಿಧಾನ ಮಾಡಿ. ಕ್ಯಾಸೆಟ್ಟಿನ ಕಿಟಕಿಯೊಳಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಸುತ್ತಿರೋ ಟೇಪಿನ ಮೇಲ್ಮೈ ಪೂರ್ತಿ ಕಪ್ಪಗೆ ನುಣ್ಣಗೆ ಹೊಳೀಬೇಕು. ಬಿಳಿ ಪುಡಿ, ಬೂದು ಚುಕ್ಕೆ, ಜೇಡರ ಬಲೆ ತರ ಎಳೆ ಏನು ಕಂಡ್ರೂ ಅದು ಬೂಷ್ಟು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕ್ಯಾಸೆಟ್ಟು, ಮಲೆನಾಡಿನ ಮನೆ ಅಟ್ಟದಲ್ಲಿ ಮಳೆಗಾಲಗಳನ್ನ ಕಳೆದ ಕ್ಯಾಸೆಟ್ಟು ಅಂದ್ರೆ ಬೂಷ್ಟು ಇದ್ದೇ ಇರುತ್ತೆ ಅಂದ್ಕೊಂಡೇ ಶುರು ಮಾಡಿ. ಕರಾವಳೀಲಿ ರಾತ್ರಿಯಿಡೀ ನಿಂತು ರೆಕಾರ್ಡ್ ಮಾಡಿದ ಯಕ್ಷಗಾನದ ಕ್ಯಾಸೆಟ್ಟುಗಳು ಇನ್ನೂ ಎಷ್ಟೋ ಮನೇಲಿವೆ, ಆ ಕಲಾವಿದರಲ್ಲಿ ಎಷ್ಟೋ ಜನ ಈಗಿಲ್ಲ, ಬೇರೆ ಪ್ರತಿಯೂ ಇರಲ್ಲ. ದಯವಿಟ್ಟು ಅವನ್ನ ಹಾಗೇ ಪ್ಲೇ ಮಾಡ್ಬೇಡಿ. ಬೂಷ್ಟು ಹಿಡಿದ ಟೇಪು ಅಂಟ್ಕೊಂಡು ಹರಿಯುತ್ತೆ, ಆ ಪುಡಿ ವಿಸಿಆರ್ ಹೆಡ್ಡಿಗೆ ಮೆತ್ಕೊಂಡು ಆಮೇಲೆ ಹಾಕೋ ಒಳ್ಳೇ ಕ್ಯಾಸೆಟ್ಟಿಗೂ ಹತ್ತುತ್ತೆ.

ಬೂಷ್ಟು ಹಸಿಯಾಗಿದ್ರೆ ಒರೆಸಿದಷ್ಟೂ ಹರಡುತ್ತೆ, ಆದ್ದರಿಂದ ಮೊದಲು ಒಣಗಬೇಕು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಒಂದೆರಡು ವಾರ ಇಡಿ. ಬಿಸಿಲಿಗೆ ಇಡಬೇಡಿ, ಹಪ್ಪಳ ಒಣಗಿಸಿದ ಹಾಗೆ ತಾರಸಿ ಮೇಲೆ ಕ್ಯಾಸೆಟ್ ಹರವಿದ್ದನ್ನ ಕಣ್ಣಾರೆ ನೋಡಿದೀನಿ, ಬಿಸಿಗೆ ಟೇಪು ಸೊಟ್ಟ ಆದ್ರೆ ಮತ್ತೆ ನೆಟ್ಟಗೆ ಮಾಡೋಕಾಗಲ್ಲ. ಹೇರ್ ಡ್ರೈಯರ್ ಕೂಡ ಬೇಡ. ಅಕ್ಕಿ ಡಬ್ಬದಲ್ಲಿ ಹೂತಿಡೋದಂತೂ ಬೇಡವೇ ಬೇಡ, ಅಕ್ಕಿಯ ಧೂಳು ಒಳಗೆ ಸೇರುತ್ತೆ.

ಒಣಗಿದ ಮೇಲೆ ಮನೆ ಹೊರಗೆ, ಜಗಲಿಯಲ್ಲೋ ಬಾಲ್ಕನಿಯಲ್ಲೋ ಕೂತ್ಕೊಳ್ಳಿ, ಮಾಸ್ಕ್ ಹಾಕ್ಕೊಳ್ಳಿ, ಆಸ್ತಮಾ ಇರೋರು ಈ ಕೆಲಸಕ್ಕೆ ಕೈ ಹಾಕಬಾರದು. ಕ್ಯಾಸೆಟ್ ಬೋರಲು ಹಾಕಿದ್ರೆ ಐದು ಸ್ಕ್ರೂ ಕಾಣುತ್ತೆ. ಬಿಚ್ಚಿ, ಸ್ಕ್ರೂ ಎಲ್ಲ ತೆಗೆದಿಟ್ಟು, ಎರಡು ಭಾಗ ಬೇರೆಯಾಗದ ಹಾಗೆ ಒತ್ತಿ ಹಿಡ್ಕೊಂಡು ನೆಟ್ಟಗೆ ತಿರುಗಿಸಿ ಆಮೇಲೇ ಮೇಲಿನ ಮುಚ್ಚಳ ಎತ್ತಬೇಕು, ಬೋರಲಿದ್ದಾಗಲೇ ಎತ್ತಿದ್ರೆ ಒಳಗಿನ ಪುಟಾಣಿ ಸ್ಪ್ರಿಂಗು, ರೋಲರು ಎಲ್ಲಿ ಕೂತಿತ್ತು ಅಂತಾನೇ ಗೊತ್ತಾಗಲ್ಲ. ಮುಚ್ಚಳ ಎತ್ತಿದ ತಕ್ಷಣ ಮೊಬೈಲಲ್ಲಿ ಫೋಟೋ ತೆಗೀರಿ, ಟೇಪು ಯಾವ ಕಂಬದ ಹಿಂದೆ, ಯಾವುದರ ಮುಂದೆ ಹೋಗಿದೆ ಅಂತ ಸ್ಪಷ್ಟವಾಗಿ ಕಾಣಬೇಕು.

ಎರಡು ಸುರುಳಿಯ ಮೇಲ್ಮೈಯನ್ನ ಮೆತ್ತಗಿನ ಬ್ರಷ್ಷಿಂದ ನಡುವಿಂದ ಹೊರಗಡೆಗೆ ಹಗುರವಾಗಿ ಉದುರಿಸಿ. ಆಮೇಲೆ ಕನ್ನಡಕ ಒರೆಸೋ ಮೈಕ್ರೋಫೈಬರ್ ಬಟ್ಟೆ ಮಡಚಿ ಟೇಪಿನ ಎರಡೂ ಮಗ್ಗುಲಿಗೆ ತಾಗೋ ಹಾಗೆ ಸಡಿಲವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ರೀಲ್ ಸುತ್ತುತ್ತಾ ಹೋಗಿ. ಎಲ್ಲಾದ್ರೂ ಅಂಟಿದೆ ಅನ್ನಿಸಿದ್ರೆ ಎಳೀಬೇಡಿ, ರೀಲನ್ನ ಒಂಚೂರು ಹಿಂದಕ್ಕೆ ಬಿಟ್ಟು ತಾನಾಗಿ ಬಿಡೋ ತನಕ ಕಾಯಿರಿ. ಒಣ ಬಟ್ಟೆಗೆ ಬಗ್ಗದ ಕಲೆಗೆ ಮಾತ್ರ 99% ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಾಕಿ, ಟೇಪಿಗೆ ನೇರ ಸುರೀಬೇಡಿ. ಮೆಡಿಕಲ್ ಶಾಪಲ್ಲಿ ಸಿಗೋ 70% ದ್ದರಲ್ಲಿ ನೀರಿರುತ್ತೆ, ಅದು ಬೇಡ, ಡೆಟಾಲ್ ಬೇಡ, ಸ್ಯಾನಿಟೈಸರ್ ಬೇಡ. ಬಟ್ಟೆ ಕಪ್ಪಾದ ಹಾಗೆ ಜಾಗ ಬದಲಾಯಿಸ್ತಾ ಇರಿ. ಮೂರು ಗಂಟೆಯ ಕ್ಯಾಸೆಟ್ ಅಂದ್ರೆ ಕಾಲು ಕಿಲೋಮೀಟರಿಗೂ ಉದ್ದದ ಟೇಪು, ಒಂದೇ ಕೂತಲ್ಲಿ ಮುಗಿಸೋ ಹಟ ಬೇಡ. ಹಳೇ ಪೆಟ್ಟಿಗೆಗೂ ಬೂಷ್ಟು ಹತ್ತಿದ್ರೆ ಯಾವುದಾದ್ರೂ ಬೇಡದ ಸಿನಿಮಾ ಕ್ಯಾಸೆಟ್ಟಿನ ಪೆಟ್ಟಿಗೆ ಖಾಲಿ ಮಾಡಿ ಅದರೊಳಗೆ ಈ ಸುರುಳಿ ಕೂರಿಸಿ, ಸಲೀಸಾಗಿ ಕೂರುತ್ತೆ.

ಹಂತ 3: ವಿಸಿಆರ್ ತಯಾರಿ

ಬೆಂಗಳೂರಲ್ಲಾದ್ರೆ ಎಸ್.ಪಿ. ರೋಡು, ಭಾನುವಾರದ ಸಂಡೆ ಬಜಾರು ಸುತ್ತಿ, ಊರಲ್ಲಾದ್ರೆ ಹಳೇ ಟಿವಿ ರಿಪೇರಿಯವರನ್ನ ಕೇಳಿ. ಪ್ಲೇಯರ್ ಮಾತ್ರ ಇರೋ ವಿಸಿಪಿ ಆದ್ರೂ ಸಾಕು, ನಮಗೆ ರೆಕಾರ್ಡ್ ಬೇಕಿಲ್ಲ. ತಗೊಳ್ಳೋಕೆ ಮುಂಚೆ ಅಲ್ಲೇ ಕ್ಯಾಸೆಟ್ ಹಾಕಿ, ಪ್ಲೇ, ರಿವೈಂಡ್, ಎಜೆಕ್ಟ್ ಮೂರೂ ನೋಡಿ. ಆನ್ ಆಗುತ್ತೆ ಸಾರ್ ಅಂದ್ರೆ ನಂಬಬೇಡಿ, ಲೈಟು ಹತ್ತಿದ ಮಾತ್ರಕ್ಕೆ ಬೆಲ್ಟು ಸರಿಯಿದೆ ಅಂತಲ್ಲ.

ಮನೆಗೆ ತಂದು ಪ್ಲಗ್ ತೆಗೆದು ಮೇಲಿನ ತಗಡು ಬಿಚ್ಚಿ. ನಡುವೆ ಓರೆಯಾಗಿ ಕೂತಿರೋ ಹೊಳೆಯೋ ಸಿಲಿಂಡರ್ ಕಾಣುತ್ತಲ್ಲ, ಅದೇ ಹೆಡ್ ಡ್ರಮ್. ಪಾಲ್‌ನಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತೆ, ಅದರ ಅಂಚಲ್ಲಿ ಕೂದಲೆಳೆಯಷ್ಟು ಹೊರಗೆ ಚಾಚಿರೋ ಫೆರೈಟ್ ತುದಿಗಳೇ ನಿಮ್ಮ ಚಿತ್ರ ಓದೋದು. ಬಿಳಿ ಎ4 ಹಾಳೆ ಎರಡು ಬೆರಳಗಲ ಕತ್ತರಿಸಿ ಐಸೊಪ್ರೊಪೈಲಲ್ಲಿ ನೆನೆಸಿ, ಡ್ರಮ್ಮಿನ ಮೇಲೆ ಹಗುರವಾಗಿ ಒತ್ತಿ ಅಲುಗಾಡಿಸದೆ ಹಿಡೀರಿ, ಇನ್ನೊಂದು ಕೈಯಲ್ಲಿ ಡ್ರಮ್ಮಿನ ನೆತ್ತಿ ಹಿಡಿದು ನಿಧಾನ ತಿರುಗಿಸಿ. ತಿರುಗಬೇಕಾದ್ದು ಡ್ರಮ್ಮು, ಹಾಳೆ ಅಲ್ಲ. ಹಾಳೇನ ಮೇಲೆ ಕೆಳಗೆ ಉಜ್ಜಿದ್ರೆ ಆ ತುದಿ ಮುರಿಯುತ್ತೆ, ಅಲ್ಲಿಗೆ ಆ ವಿಸಿಆರ್ ಕತೆ ಮುಗೀತು. ಇಯರ್ ಬಡ್ ಹತ್ತಿರಾನೂ ತರಬೇಡಿ, ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತೆ. ಇಯರ್ ಬಡ್ ಬೇಕಾಗೋದು ಪಕ್ಕದಲ್ಲಿರೋ ಆಡಿಯೋ ಹೆಡ್ಡು, ತೆಳ್ಳಗಿನ ಕ್ಯಾಪ್‌ಸ್ಟನ್ ಕಡ್ಡಿ, ರಬ್ಬರ್ ರೋಲರ್ ಒರೆಸೋಕೆ ಮಾತ್ರ. ಆ ರಬ್ಬರ್ ಗಟ್ಟಿಯಾಗಿ ಗಾಜಿನ ಹಾಗೆ ಹೊಳೀತಿದ್ರೆ ಬದಲಾಯಿಸಲೇಬೇಕು, ಟೇಪು ಮುದ್ದೆ ಆಗೋದು ಅಲ್ಲೇ. ಹೆಡ್ ಕ್ಲೀನಿಂಗ್ ಕ್ಯಾಸೆಟ್ ಅಂತ ಸಿಗೋ ಒಣ ಟೇಪು ಬೇಡ, ಅದು ಉಪ್ಪುಕಾಗದದ ಕೆಲಸ ಮಾಡುತ್ತೆ.

ಎಲ್ಲ ಆದ ಮೇಲೂ ಮೊದಲು ಬೇಡದ ಸಿನಿಮಾ ಕ್ಯಾಸೆಟ್ ಒಂದನ್ನ ಪೂರ್ತಿ ಓಡಿಸಿ. ಅದು ಸರಿ ಓಡಿದ್ರೆ ನಿಮ್ಮ ಕ್ಯಾಸೆಟ್ ಹಾಕಿ ಒಂದ್ಸಲ ಕೊನೆ ತನಕ ಫಾರ್ವರ್ಡ್, ಪೂರ್ತಿ ರಿವೈಂಡ್, ವರ್ಷಗಟ್ಟಲೆ ಒಂದೇ ಕಡೆ ಸುತ್ತಿಕೊಂಡಿದ್ದ ಟೇಪು ಸಮ ಆಗುತ್ತೆ. ಟ್ರ್ಯಾಕಿಂಗ್ ಬಟನ್ ಒತ್ತಿ ಚಿತ್ರ ಸ್ಪಷ್ಟ ಆಗೋ ಹಾಗೆ ಸರಿ ಮಾಡಿ, ಕೆಳ ಅಂಚಲ್ಲಿ ನಾಲ್ಕಾರು ಗೆರೆ ಒಡೆದ ಹಾಗೆ ಕಂಡ್ರೆ ತಲೆ ಕೆಡಿಸ್ಕೋಬೇಡಿ, ಎಲ್ಲ ವಿಎಚ್‌ಎಸ್‌ನಲ್ಲೂ ಅದು ಇರುತ್ತೆ.

ಹಂತ 4: ಜೋಡಣೆ

ವಿಸಿಆರಿಂದ ಯುಎಸ್‌ಬಿ ಡಾಂಗಲ್ಲಿಗೆ ಹಳದಿಗೆ ಹಳದಿ (ಚಿತ್ರ), ಬಿಳಿಗೆ ಬಿಳಿ (ದನಿ). ಎಸ್-ವಿಡಿಯೋ ಅನ್ನೋ ದುಂಡನೆ ಪಿನ್ನಿನ ಸಾಕೆಟ್ ಇದ್ರೆ ಹಳದಿ ಬದಲು ಅದು.

ಎವಿ ಟು ಎಚ್‌ಡಿಎಂಐ ಅಂತ ಸಿಗೋ ಪುಟ್ಟ ಬಿಳಿ ಡಬ್ಬ ಮಾತ್ರ ತಗೋಬೇಡಿ, ಅದು ಚಿತ್ರಾನ ಹಿಗ್ಗಿಸಿ ತನಗೆ ತೋಚಿದ ಹಾಗೆ ಫ್ರೇಮ್ ಸೇರಿಸಿ ಕೊಡುತ್ತೆ, ಆಮೇಲೆ ಏನು ಮಾಡಿದ್ರೂ ಸರಿಹೋಗಲ್ಲ. ತೀರಾ ಅಗ್ಗದ ಹೆಸರಿಲ್ಲದ ಯುಎಸ್‌ಬಿ ಡಾಂಗಲ್ಲೂ ಬೇಡ. ಹಳೇ ಟೇಪಿನ ಸಿಗ್ನಲ್ ತಾಳ ತಪ್ಪಿ ಬರುತ್ತೆ, ಆಗ ಇವು ಫ್ರೇಮ್ ನುಂಗುತ್ತವೆ, ಮೂರು ಗಂಟೆ ಆಗೋಷ್ಟರಲ್ಲಿ ದನಿ ಒಂದು ಕಡೆ ಬಾಯಿ ಒಂದು ಕಡೆ. ಯಾರ ಮನೇಲಾದ್ರೂ ಹಳೇ ಡಿವಿಡಿ ರೆಕಾರ್ಡರ್ ಇದ್ರೆ ಕೇಳಿ ತನ್ನಿ, ವಿಸಿಆರಿಂದ ಅದಕ್ಕೆ, ಅದರಿಂದ ಡಾಂಗಲ್ ಮೂಲಕ ಕಂಪ್ಯೂಟರಿಗೆ ಹಾಯಿಸಿ, ಡಿಸ್ಕ್ ಬರೆಯೋದೇನೂ ಬೇಡ. ಪ್ಯಾನಸಾನಿಕ್ ಡಿಎಂಆರ್-ಇಎಸ್10, ಇಎಸ್15 ಈ ಕೆಲಸಕ್ಕೇ ಹೆಸರಾಗಿವೆ, ಮೇಲ್ಭಾಗದಲ್ಲಿ ಬಾವುಟದ ಹಾಗೆ ಓಲಾಡೋ ಚಿತ್ರ ನೆಟ್ಟಗೆ ನಿಲ್ಲುತ್ತೆ.

ಹಂತ 5: ಕ್ಯಾಪ್ಚರ್

ವರ್ಚುವಲ್‌ಡಬ್ ಅನ್ನೋ ಸಾಫ್ಟ್‌ವೇರ್ ಬಳಸಿ, ಉಚಿತ. ಓಬಿಎಸ್‌ನಲ್ಲಿ ಮಾಡ್ತೀನಿ ಅನ್ನೋರಿದ್ದಾರೆ, ಅದು ಲೈವ್ ಸ್ಟ್ರೀಮಿಗೆ ಅಂತ ಮಾಡಿದ್ದು, ಏನೂ ಬದಲಾಯಿಸದೆ ಬಿಟ್ರೆ 30 ಅಥವಾ 60 ಫ್ರೇಮಿಗೆ ಹೋಗಿ ಪಾಲ್ ಚಿತ್ರ ಎಡವಿ ಎಡವಿ ಓಡುತ್ತೆ. ವರ್ಚುವಲ್‌ಡಬ್‌ನಲ್ಲಿ ಪಾಲ್ ಕ್ಯಾಸೆಟ್ಟಿಗೆ ಇಡಬೇಕಾದ್ದು ಇಷ್ಟು: 720×576, 25 ಫ್ರೇಮ್, ಗುಣಮಟ್ಟ ಕಳೀದ ಹಫ್‌ವೈಯುವಿ ಕೋಡೆಕ್, ಆಡಿಯೋ 48 ಕಿಲೋಹರ್ಟ್ಸ್. ಗಂಟೆಗೆ 30 ಜಿಬಿಗೂ ಹೆಚ್ಚು ಆಗುತ್ತೆ, ಹೆದರಬೇಡಿ, ಇದು ಕೊನೆ ಫೈಲ್ ಅಲ್ಲ. ಡಿಸ್ಕ್ ಎನ್‌ಟಿಎಫ್‌ಎಸ್ ಆಗಿರ್ಲಿ, ಫ್ಯಾಟ್32ನಲ್ಲಿ 4 ಜಿಬಿ ದಾಟಿದ ಫೈಲ್ ನಿಲ್ಲಲ್ಲ. ವೈಫೈ ಆಫ್, ಸ್ಲೀಪ್ ಮೋಡ್ ಆಫ್. ವಿಸಿಆರ್ ಯುಪಿಎಸ್ ಮೇಲಿರ್ಲಿ, ಟೇಪು ಡ್ರಮ್ಮಿಗೆ ಸುತ್ತಿಕೊಂಡಿದ್ದಾಗ ಕರೆಂಟ್ ಹೋಗಿ ಬಂದ್ರೆ ಎಳೆದಾಡುತ್ತೆ.

ಡ್ರಾಪ್ಡ್ ಫ್ರೇಮ್, ಅಂದ್ರೆ ಬಿಟ್ಟುಹೋದ ಫ್ರೇಮ್, ಅನ್ನೋ ಸಂಖ್ಯೆ ಮೇಲೆ ಕಣ್ಣಿಡಿ, ಏರ್ತಾ ಹೋದ್ರೆ ನಿಲ್ಲಿಸಿ. ಮುಗಿದ ಮೇಲೆ ದನಿ ಕೂಡುತ್ತಾ ಅಂತ ನೋಡೋಕೆ ಗಟ್ಟಿಮೇಳದ ಜಾಗಕ್ಕೆ ಹೋಗಿ, ಡೋಲು ಹೊಡೆಯೋ ಕೋಲು ಚರ್ಮಕ್ಕೆ ತಾಗೋ ಕ್ಷಣಕ್ಕೇ ಸದ್ದು ಕೇಳಿದ್ರೆ ಸರಿ. ಹಾಗೇ ಕ್ಯಾಸೆಟ್ಟಿನ ಕೊನೇಲಿ ಯಾರಾದ್ರೂ ಮಾತಾಡೋ ಜಾಗವನ್ನೂ ನೋಡಿ, ಮೊದಲ ಹತ್ತು ನಿಮಿಷ ಸರಿಯಿದೆ ಅಂತ ಬಿಟ್ಟವರೇ ಜಾಸ್ತಿ.

ಹಂತ 6: ನೋಡೋಕೆ ಬೇಕಾದ ಫೈಲು

ವಿಎಚ್‌ಎಸ್ ಒಂದೊಂದು ಫ್ರೇಮನ್ನ ಎರಡು ಅರ್ಧ ಮಾಡಿ ಸೆಕೆಂಡಿಗೆ 50 ಅರ್ಧ ಚಿತ್ರ ಬರೆದಿರುತ್ತೆ. ಹಾಗೇ ಬಿಟ್ರೆ ಮೊಬೈಲಲ್ಲಿ ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆ ಹಲ್ಲು ಕಾಣುತ್ತೆ. ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಡಿಇಂಟರ್ಲೇಸ್‌ನಲ್ಲಿ ಬಾಬ್ ಆರಿಸಿ, ಸೆಕೆಂಡಿಗೆ 50 ಫ್ರೇಮ್ ಕೊಡಿ, ಎಚ್.264, ಕ್ವಾಲಿಟಿ 18ರ ಆಸುಪಾಸು, ಎಂಪಿ4. ಅಳತೆ 4:3 ಇರ್ಲಿ, ಅಗಲ ಟಿವಿ ತುಂಬ್ಲಿ ಅಂತ ಎಳೆದ್ರೆ ಮದುಮಗಳು ಡಬಲ್ ದಪ್ಪ. ದನಿ ಎಡಗಡೆ ಮಾತ್ರ ಬಂದಿದ್ರೆ ಬಲಕ್ಕೂ ಕಾಪಿ ಮಾಡಿ.

ಎಐ ಹಾಕಿ ಎಚ್‌ಡಿ ಮಾಡಿಕೊಡ್ತೀವಿ ಅನ್ನೋದಕ್ಕೆ ಹೋಗಬೇಡಿ. ಟೇಪಲ್ಲಿ ಇಲ್ಲದ ಕಣ್ಣು, ಹುಬ್ಬು, ಹಲ್ಲನ್ನ ಅದು ತಾನೇ ಬಿಡಿಸುತ್ತೆ, ಹಿಂದಿನ ಸಾಲಲ್ಲಿ ಕೂತ ನಿಮ್ಮ ಅಜ್ಜಿಗೆ ಬೇರೆ ಯಾರದೋ ಮುಖ ಬರುತ್ತೆ. ಮಸುಕಾದ್ರೂ ಅಜ್ಜಿಯ ಮುಖವೇ ಇರ್ಲಿ.

ಇಷ್ಟೆಲ್ಲ ಆಗಲ್ಲ, ಸ್ಟುಡಿಯೋಗೆ ಕೊಡ್ತೀವಿ ಅಂದ್ರೆ ಕೊಡಿ, ಆದ್ರೆ ಡಿವಿಡಿ ಬೇಡ, ಫೈಲ್ ಕೊಡಿ ಅಂತ ಮೊದಲೇ ಹೇಳಿ. 4.7 ಜಿಬಿಯ ಒಂದು ಡಿಸ್ಕಿಗೆ ಮೂರು ಗಂಟೆ ತುರುಕಿದ್ರೆ ಹೂವಿನ ಮಂಟಪ ಪೂರ್ತಿ ಚೌಕ ಚೌಕ. ನಿಮ್ಮ ಮದುವೆ ವಿಡಿಯೋ ತೆಗೆದ ಊರಿನ ಸ್ಟುಡಿಯೋ ಇನ್ನೂ ಇದ್ರೆ ಎಡಿಟ್ ಮಾಡೋ ಮುಂಚಿನ ಟೇಪು ಉಳಿದಿದೆಯಾ ಅಂತಾನೂ ಕೇಳಿ, ನಿಮ್ಮ ಕೈಲಿರೋದು ಕಾಪಿಯ ಕಾಪಿ, ಆ ಟೇಪಲ್ಲಿ ಚಿತ್ರ ಇನ್ನೂ ಚೆನ್ನಾಗಿರುತ್ತೆ.

ಹಂತ 7: ಹೆಸರಿಟ್ಟು ಎತ್ತಿಡೋದು

ಫೈಲಿಗೆ ಇಸವಿ, ಊರು, ಯಾರ ಮದುವೆ ಅಂತ ಹೆಸರು ಕೊಡಿ. ಎರಡು ಬೇರೆ ಹಾರ್ಡ್ ಡಿಸ್ಕಲ್ಲಿ ಇಡಿ, ಒಂದು ನಿಮ್ಮ ಮನೇಲಿ, ಇನ್ನೊಂದು ತಮ್ಮನ ಮನೇಲೋ ತಂಗಿ ಮನೇಲೋ. ಯೂಟ್ಯೂಬಿಗೆ ಹಾಕಿದ್ರೆ ಸ್ಟುಡಿಯೋದವರು ಮಿಕ್ಸ್ ಮಾಡಿದ ಸಿನಿಮಾ ಹಾಡಿಗೆ ಕಾಪಿರೈಟ್ ಕ್ಲೇಮ್ ಬರಬಹುದು, ಡ್ರೈವ್ ಲಿಂಕು ಅಥವಾ ಪೆನ್ ಡ್ರೈವ್ ಒಳ್ಳೇದು. ವಾಟ್ಸಾಪಲ್ಲಿ ವಿಡಿಯೋ ಅಂತ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ಮನೆಯ ಹಿರಿಯರನ್ನ ಕೂರಿಸ್ಕೊಂಡು ಒಂದ್ಸಲ ಪೂರ್ತಿ ನೋಡಿ, ಊಟದ ಪಂಕ್ತಿಯಲ್ಲಿ ಯಾರು ಯಾರು ಕೂತಿದ್ದಾರೆ ಅಂತ ಅವರು ಹೇಳೋದನ್ನ ನಿಮಿಷದ ಲೆಕ್ಕದ ಜೊತೆ ಬರ್ಕೊಂಡು ಅದೇ ಫೋಲ್ಡರಲ್ಲಿ ಹಾಕಿ. ಕ್ಯಾಸೆಟ್ ಬಿಸಾಕಬೇಡಿ, ಪೂರ್ತಿ ರಿವೈಂಡ್ ಮಾಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಟ್ಟು, ಮಳೆಗಾಲ ಶುರುವಾಗೋಕೆ ಮುಂಚೆ ಆ ಜೆಲ್ ಬದಲಾಯಿಸಿ.