ಹಲ್ಮಿಡಿ ಶಾಸನಕ್ಕೆ ಕ್ರಿ.ಶ. 450 ಎಂದವರು ಯಾರು? ಮೂಲ ಹುಡುಕುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ಬಗೆ

ಕಾಲೇಜು ಶುರುವಾದ ವಾರ ಸೆಮಿನಾರ್ ಹಾಲ್‌ನಲ್ಲಿ ಇನ್ನೂರು ಮಕ್ಕಳನ್ನು ಕೂರಿಸುತ್ತಾರೆ. ಲೈಬ್ರರಿಯನ್ ಮೈಕ್ ಹಿಡಿದು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ, ಇ-ಪುಸ್ತಕ, ಇ-ಜರ್ನಲ್ ಓದುವ ಎನ್-ಲಿಸ್ಟ್ ಲಾಗಿನ್, ಪುಸ್ತಕ ತಡವಾದರೆ ಎಷ್ಟು ದಂಡ ಎಲ್ಲ ಹೇಳಿ ಮುಗಿಸುತ್ತಾರೆ. ಮೂರು ತಿಂಗಳಾದ ಮೇಲೆ ಅದೇ ಮಕ್ಕಳ ಅಸೈನ್‌ಮೆಂಟ್ ತೆಗೆದು ನೋಡಿ. ಕೊನೆಯ ಪುಟದಲ್ಲಿ 'ಆಧಾರ: ಗೂಗಲ್' ಅಂತ ಇರುತ್ತದೆ. ನನಗೆ ಇದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ. ಕಪಾಟು ಎಲ್ಲಿದೆ ಅಂತ ತೋರಿಸಿದೆವು. ಒಂದು ಮಾತು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ನೋಡುವುದನ್ನು ಮಾತ್ರ ತೋರಿಸಲೇ ಇಲ್ಲ. ಲೈಬ್ರರಿಯನ್‌ಗಳು ಅದನ್ನು ಕಲಿಸುವ ಕ್ರಮ ಇಲ್ಲಿದೆ.

1. ಒಬ್ಬ ಅಧ್ಯಾಪಕರ ಹತ್ತಿರ ಒಟ್ಟಿಗೆ ಎರಡು ಪೀರಿಯಡ್ ಕೇಳಿ ಪಡೆಯಿರಿ. ಅಸೈನ್‌ಮೆಂಟ್ ಕೊಟ್ಟ ವಾರವೇ ಆಗಬೇಕು, ನಲವತ್ತು ಮಕ್ಕಳಿಗಿಂತ ಜಾಸ್ತಿ ಬೇಡ.

2. ಒಂದೇ ಒಂದು ಪ್ರಶ್ನೆ ಆರಿಸಿ. ಎಲ್ಲರಿಗೂ ಉತ್ತರ ಗೊತ್ತು ಅನ್ನಿಸುವಂಥದ್ದಾಗಿರಲಿ. ನಾನು ಯಾವಾಗಲೂ 'ಕನ್ನಡದ ಅತಿ ಹಳೆಯ ಶಾಸನ ಯಾವುದು?' ಎಂದು ಕೇಳುತ್ತೇನೆ. ಚುನಾವಣೆ, ಜಾತಿ, ಸಿನಿಮಾ ನಟರ ವಿಷಯ ಮಾತ್ರ ಬೇಡ. ಮಕ್ಕಳು ಪಕ್ಷ ಕಟ್ಟಿಕೊಂಡು ವಾದಕ್ಕೆ ಇಳಿಯುತ್ತಾರೆ, ಹುಡುಕುವುದು ಅಲ್ಲಿಗೇ ನಿಂತುಹೋಗುತ್ತದೆ.

3. ಈಗ ಹಿಂದಕ್ಕೆ ಹೋಗಿಸಿ. ಕೆಲಸ ಕೆಡುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ. ಉತ್ತರದ ಜೊತೆ ಅದು ಎಲ್ಲಿ ಸಿಕ್ಕಿತು ಅಂತಲೂ ಬರೆಸಿ. ಹೆಚ್ಚಿನವರು 'ಹಲ್ಮಿಡಿ, ಕ್ರಿ.ಶ. 450' ಅನ್ನುತ್ತಾರೆ. ಒಂದೆರಡು ಗುಂಪು 'ತಾಳಗುಂದ, 370' ಅನ್ನುತ್ತದೆ. ಎರಡನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೆಯಿರಿ. ಯಾವುದು ಸರಿ ಅಂತ ಹೇಳಲೇಬೇಡಿ. ಮೊದಮೊದಲು ನಾನು ಹೇಳಿಬಿಡುತ್ತಿದ್ದೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡು ಪೆನ್ನು ಮುಚ್ಚಿಡುತ್ತಿದ್ದರು.

ಅದರ ಬದಲು ಹೀಗೆ ಕೇಳಿ: 'ಆ 450 ಅನ್ನುವುದು ಕಲ್ಲಿನ ಮೇಲೆ ಕೆತ್ತಿದೆಯಾ?' ಕ್ಲಾಸು ಸುಮ್ಮನಾಗುತ್ತದೆ. ಹಲ್ಮಿಡಿ ಶಾಸನದಲ್ಲಿ ಇಸವಿಯೇ ಇಲ್ಲ. ಬೇಲೂರು ತಾಲ್ಲೂಕಿನ ಆ ಊರಲ್ಲಿ 1936ರಲ್ಲಿ ಅದನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳನ್ನು ನೋಡಿ ವಿದ್ವಾಂಸರು ಕಾಲ ಅಂದಾಜು ಮಾಡಿದ್ದಾರೆ, ಆ ಅಂದಾಜಿನಲ್ಲೂ ಅವರವರಲ್ಲೇ ವ್ಯತ್ಯಾಸ ಇದೆ. ಇದನ್ನೂ ನೀವು ಹೇಳಬೇಡಿ, ಮಕ್ಕಳೇ ಹುಡುಕಿ ತರಲಿ. ವೆಬ್ ಪುಟದಿಂದ ಅದು ಹೆಸರಿಸುವ ಪುಸ್ತಕಕ್ಕೆ, ಪುಸ್ತಕದಿಂದ ಇಲಾಖೆಯ ಹಳೆಯ ವಾರ್ಷಿಕ ವರದಿಗೆ ಒಂದೊಂದೇ ಮೆಟ್ಟಿಲು ಇಳಿಸಿ. ಪ್ರತಿ ಮೆಟ್ಟಿಲಲ್ಲೂ ಮೂರು ವಿಷಯ ಬರೆಸಿ. ಹೇಳಿದ್ದು ಯಾರು? ಏನನ್ನು ನೋಡಿ ಹೇಳಿದರು? ಎಷ್ಟು ಖಚಿತವಾಗಿ ಹೇಳಿದರು?

ಮೂರನೆಯ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಒಮ್ಮೆ ಬಿಎ ಓದುವ ಹುಡುಗಿಯೊಬ್ಬಳು ಎರಡು ಪುಸ್ತಕ ತೆರೆದಿಟ್ಟುಕೊಂಡು ನನ್ನನ್ನು ಕರೆದಳು. ಒಂದು ಶಾಸನಗಳ ಬಗ್ಗೆ ಬರೆದ ದಪ್ಪ ಪುಸ್ತಕ, ಇನ್ನೊಂದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. 'ಸರ್, ಇದರಲ್ಲಿ ಸುಮಾರು ಅಂತ ಇದೆ. ಇದರಲ್ಲಿ ಸುಮಾರು ಬಿದ್ದುಹೋಗಿದೆ' ಎಂದು ಎರಡು ಸಾಲಿನ ಮೇಲೂ ಬೆರಳಿಟ್ಟು ತೋರಿಸಿದಳು. ಇಡೀ ವರ್ಷದಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ಮಾತು ಬೇರೆ ಇಲ್ಲ.

ತಾಳಗುಂದದವರನ್ನೂ ಹಾಗೇ ಬಿಡಬೇಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಆವರಣದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2013-14ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕ ಶಾಸನ ಅದು. ಅದರ ಕಾಲ 370 ಎಂದವರು ಯಾವುದರ ಆಧಾರದ ಮೇಲೆ ಹೇಳಿದರು? ಅದೇ ಮೂರು ಪ್ರಶ್ನೆ. ಮಧ್ಯೆ ಹತ್ತು ನಿಮಿಷ ಯಾರೂ ಮಾತಾಡದಿದ್ದರೂ ಪರವಾಗಿಲ್ಲ, ನೀವು ಬಾಯಿ ಹಾಕಬೇಡಿ. ಲಿಂಕ್ ತೆರೆಯದಿದ್ದರೆ, ಪುಸ್ತಕ ಸಿಗದಿದ್ದರೆ 'ದಾರಿ ಇಲ್ಲಿ ನಿಂತಿತು' ಎಂದು ಬರೆಯಲಿ. ಅದಕ್ಕೂ ಪೂರ್ತಿ ಅಂಕ ಕೊಡಿಸಿ.

4. ಗೊತ್ತಿಲ್ಲದ ವೆಬ್‌ಸೈಟ್ ಸಿಕ್ಕರೆ ಅದರೊಳಗೇ ಓದುತ್ತಾ ಕೂರದೆ ಹೊರಗೆ ಬರಲು ಹೇಳಿ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೆಬ್‌ಸೈಟ್ ನಂಬಬಹುದಾ ಅಂತ ನೋಡಲು 10 ಇತಿಹಾಸಕಾರರಿಗೆ, 10 ಫ್ಯಾಕ್ಟ್ ಚೆಕರ್‌ಗಳಿಗೆ (ಸುದ್ದಿಯ ಸತ್ಯಾಂಶ ಪರಿಶೀಲಿಸುವವರಿಗೆ), 25 ವಿದ್ಯಾರ್ಥಿಗಳಿಗೆ ಹೇಳಿದ್ದರು. ಇತಿಹಾಸ ಅರೆದು ಕುಡಿದವರೂ ಚಂದದ ಲೋಗೋ ನೋಡಿ ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಬೇಗನೆ ಬೇರೆ ಟ್ಯಾಬ್ ತೆರೆದು, ಆ ಸಂಸ್ಥೆಯ ಬಗ್ಗೆ ಉಳಿದವರು ಏನೆನ್ನುತ್ತಾರೆ ಅಂತ ನೋಡಿದರು. ಅದಕ್ಕೇ 'ವಿಳಾಸದ ಕೊನೆಗೆ ಡಾಟ್ ಆರ್ಗ್ ಇದ್ದರೆ ನಂಬಬಹುದು' ಎನ್ನುವಂಥ ಟಿಕ್ ಹಾಕುವ ಪಟ್ಟಿಗಳನ್ನು ನಾನು ಹಂಚುವುದಿಲ್ಲ. ನೀವೂ ಹಂಚಬೇಡಿ.

ಪಟ್ಟಿ ಅಂದಾಗ ಇನ್ನೊಂದು ಮಾತು. ಎಂಎ, ಎಂಕಾಂ ಮಕ್ಕಳಿಗೆ 'ಮೂರು ದಿನದಲ್ಲಿ ಪೇಪರ್ ಪ್ರಕಟಣೆ, ಸರ್ಟಿಫಿಕೇಟ್ ಉಚಿತ' ಎಂಬ ವಾಟ್ಸ್‌ಆ್ಯಪ್ ಮೆಸೇಜು ಬರುತ್ತಲೇ ಇರುತ್ತದೆ. ಜರ್ನಲ್ ಯುಜಿಸಿ ಕೇರ್ ಪಟ್ಟಿಯಲ್ಲಿದೆಯಾ (ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಜರ್ನಲ್‌ಗಳ ಪಟ್ಟಿ ಅದು) ನೋಡಿ ಅಂತ ನಾವೆಲ್ಲ ಹೇಳುತ್ತಿದ್ದೆವು. 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು. ಸಂಪಾದಕರು ಯಾರು, ಲೇಖನವನ್ನು ಬೇರೆ ತಜ್ಞರು ಓದಿ ತಿದ್ದುತ್ತಾರಾ, ಮೂರು ದಿನದಲ್ಲಿ ಅದು ಆಗುವ ಕೆಲಸವಾ ಅಂತ ವಿದ್ಯಾರ್ಥಿಯೇ ನೋಡಿಕೊಳ್ಳಬೇಕು. ಅಂಥ ಒಂದು ಮೆಸೇಜನ್ನೇ ತೆರೆದಿಟ್ಟು ಕಲಿಸಿ.

5. ಯಾವುದಾದರೂ ಎಐ ಚಾಟ್‌ಬಾಟ್ ಹತ್ತಿರ ಹಲ್ಮಿಡಿ ಬಗ್ಗೆ ಐದು ಪುಸ್ತಕದ ಹೆಸರು ಕೇಳಿಸಿ. ಒಂದೊಂದನ್ನೂ ನಿಮ್ಮ ಕ್ಯಾಟಲಾಗ್‌ನಲ್ಲಿ, ಪಿಎಚ್‌ಡಿ ಪ್ರಬಂಧವಾದರೆ ಅಂಥ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಹುಡುಕಿಸಿ. ಇಲ್ಲದ ಪುಸ್ತಕ ಸಿಕ್ಕರೆ ಅದನ್ನೂ ಬರೆದಿಡಲಿ.

6. ಕೊನೆಗೆ ಕ್ವಿಜ್ ಮಾಡಬೇಡಿ. ಹುಡುಕಿದ ದಾರಿ ಬರೆದ ಆ ಒಂದು ಹಾಳೆಗೇ ಇಂಟರ್ನಲ್‌ನ ಐದು ಅಂಕ ಕೊಡುವಂತೆ ಅಧ್ಯಾಪಕರನ್ನು ಒಪ್ಪಿಸಿ.

ಎರಡು ವಾರ ಬಿಟ್ಟು ಮೂಲ ಹುಡುಕಲು ಇನ್ನೊಂದು ಹೇಳಿಕೆ ಕೊಡಿ. 'ಕನ್ನಡ ಲಿಪಿಗಳ ರಾಣಿ ಎಂದು ವಿನೋಬಾ ಭಾವೆ ಹೇಳಿದರು' ಅಂತ ಪ್ರತಿ ನವೆಂಬರ್‌ನಲ್ಲಿ ಎಲ್ಲರ ಫೋನಿಗೂ ಬರುತ್ತದೆ ಅಲ್ವಾ? ಯಾವ ಊರಲ್ಲಿ, ಯಾವ ಇಸವಿಯಲ್ಲಿ, ಯಾವ ಭಾಷಣದಲ್ಲಿ ಅಥವಾ ಬರಹದಲ್ಲಿ ಹೇಳಿದ್ದು? ಈ ಸಲ ನೀವು ಕೌಂಟರ್‌ನಲ್ಲೇ ಕೂತಿರಿ. ಮಕ್ಕಳೇ ನಿಮ್ಮ ಹತ್ತಿರ ಬಂದು ಪುಸ್ತಕ ಕೇಳಲಿ.