ಮಳೆ, ಮದುವೆ, ಮುಂಗಡ: ಕೊಡಗಿನ ಛಾಯಾಗ್ರಾಹಕರು ವರ್ಷದ ಗುರಿ ಹಾಕಿಕೊಳ್ಳುವ ಬಗೆ

ಕೊಡಗಿನಲ್ಲಿ ಛಾಯಾಗ್ರಹಣವನ್ನೇ ನಂಬಿ ಬದುಕುವವರು ತಿಂಗಳಿಗೆ ಇಷ್ಟು ಆದಾಯವೆಂದು ಗುರಿ ಹಾಕಿಕೊಂಡರೆ ಆ ಲೆಕ್ಕ ಜೂನ್ ತಿಂಗಳಲ್ಲೇ ತಲೆಕೆಳಗಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆಗಳು ಒಂದರ ಮೇಲೊಂದು ಬರುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯೂ ಆ ದಿನಗಳಲ್ಲೇ ನಡೆಯುತ್ತದೆ. ಆಮೇಲೆ ಮಳೆ ಹಿಡಿದರೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಅದರ ನಡುವೆ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಕೊಡವರು ಮದುವೆ ಇಟ್ಟುಕೊಳ್ಳುವುದಿಲ್ಲ, ಉಳಿದ ಅನೇಕ ಸಮುದಾಯಗಳಿಗೆ ಆಷಾಢ ಅಡ್ಡ ಬರುತ್ತದೆ. ಕೆಲಸವಿಲ್ಲದ ಈ ತಿಂಗಳುಗಳಲ್ಲಿ ‘ನನ್ನಿಂದ ಆಗುತ್ತಿಲ್ಲ’ ಎಂದು ಕೈಚೆಲ್ಲಿದವರನ್ನು ಕಂಡಿದ್ದೇನೆ. ಅವರಲ್ಲಿ ಹಲವರಿಗೆ ಪ್ರತಿಭೆಯ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಲೆಕ್ಕದಲ್ಲಿ. ಆದ್ದರಿಂದ ಗುರಿಯನ್ನು ತಿಂಗಳಿಗೆ ಬದಲಾಗಿ ಇಡೀ ವರ್ಷಕ್ಕೆ ಹಾಕಿ, ಅದನ್ನು ಈ ನೆಲದ ಋತುಗಳಿಗೆ ಹಂಚಬೇಕು.

ಮೊದಲು ವರ್ಷದ ಖರ್ಚನ್ನು ಬರೆದುಕೊಳ್ಳಿ. ಉದಾಹರಣೆಗೆ ಮನೆಖರ್ಚು ತಿಂಗಳಿಗೆ 30,000 ರೂಪಾಯಿಯಂತೆ ವರ್ಷಕ್ಕೆ 3,60,000, ಅಂಗಡಿ ಬಾಡಿಗೆ 1,20,000, ಓಡಾಟ, ವಿದ್ಯುತ್, ಸಾಫ್ಟ್‌ವೇರ್, ವಿಮೆ ಎಲ್ಲ ಸೇರಿ 60,000 ಎಂದುಕೊಳ್ಳೋಣ. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ. 2,40,000 ರೂಪಾಯಿಯ ಕ್ಯಾಮೆರಾ ಮತ್ತು ಲೆನ್ಸ್‌ಗಳನ್ನು ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕಾದರೆ ವರ್ಷಕ್ಕೆ 60,000 ರೂಪಾಯಿಯನ್ನು ಅದಕ್ಕೇ ತೆಗೆದಿಡಬೇಕು. ಒಟ್ಟು 6,00,000 ಆಯಿತು. ಸಹಾಯಕರ ಸಂಬಳ, ಆಲ್ಬಂ ಮುದ್ರಣ ಕಳೆದು ಒಂದು ಮದುವೆಯಲ್ಲಿ 40,000 ರೂಪಾಯಿ ಉಳಿಯುವುದಾದರೆ ವರ್ಷಕ್ಕೆ 15 ಮದುವೆಗಳು ಬೇಕು. ನಿಮ್ಮ ಅಂಕಿಗಳು ಬೇರೆ ಇರಬಹುದು, ಲೆಕ್ಕ ಹಾಕುವ ಕ್ರಮ ಮಾತ್ರ ಇದೇ. ‘ಚೆನ್ನಾಗಿ ದುಡಿಯಬೇಕು’ ಎಂಬ ಆಸೆ ‘15 ಮದುವೆ’ ಎಂಬ ಗುರಿಯಾದಾಗ, ಹನ್ನೊಂದು ಮುಂಗಡಗಳು ಕೈಸೇರಿದವರು ಇನ್ನು ನಾಲ್ಕಕ್ಕಾಗಿ ಎಷ್ಟು ಶ್ರಮಪಡಬೇಕೆಂಬುದನ್ನು ನಿಶ್ಚಿಂತೆಯಿಂದ ಯೋಚಿಸಬಲ್ಲರು. ಹೋಂಸ್ಟೇ, ರೆಸಾರ್ಟ್‌ಗಳಿಗೆ ತೆಗೆದುಕೊಡುವ ಚಿತ್ರಗಳ ಆದಾಯವನ್ನು ಮಳೆಗಾಲದ ಆಸರೆಯಾಗಿ ಬೇರೆ ಇಡುವುದು ಒಳ್ಳೆಯದು.

ಆದರೆ ಎಷ್ಟು ಮದುವೆ ಸಿಗುತ್ತದೆ ಎಂಬುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಆಲ್ಬಂ ಯಾವ ದಿನ ಕೊಡುತ್ತೇವೆ ಎಂಬುದು ಬಹುಪಾಲು ನಮ್ಮ ಕೈಯಲ್ಲೇ ಇದೆ, ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ಅತಿಮುಖ್ಯ ಗುರಿಯೂ ಅದೇ. ಮೇ ತಿಂಗಳಲ್ಲಿ ತೆಗೆದ ಸಾವಿರಾರು ಚಿತ್ರಗಳು ಆರಿಸದೆ, ತಿದ್ದದೆ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿದ್ದರೆ ಮನಸ್ಸಿಗೆ ಆಗುವ ಭಾರ ಆರ್ಡರ್ ಇಲ್ಲದ ಚಿಂತೆಗಿಂತ ಹೆಚ್ಚಿನದು. ಮದುವೆಮನೆಯ ಫೋನ್ ಬಂದರೆ ಎತ್ತಲು ಹಿಂಜರಿಕೆ, ಆ ಹಿಂಜರಿಕೆಯಿಂದ ಕೆಲಸದ ಬಗ್ಗೆಯೇ ಬೇಸರ. ಇದನ್ನು ತಪ್ಪಿಸಲು, ಮದುವೆ ಮುಗಿದ ಮೂರನೆಯ ದಿನದೊಳಗೆ ಮೂವತ್ತು ನಲವತ್ತು ಉತ್ತಮ ಚಿತ್ರಗಳನ್ನು ಮನೆಯವರಿಗೆ ಕಳುಹಿಸಿ, ಒಂದು ವಾರದೊಳಗೆ ಎಲ್ಲ ಚಿತ್ರಗಳ ಆಯ್ಕೆ ಮುಗಿಸಿ, ಆಲ್ಬಂ ಕೊಡುವ ದಿನಾಂಕವನ್ನು ಮುಂಗಡದ ರಸೀದಿಯಲ್ಲೇ ಬರೆದುಕೊಡಿ. ಒಕ್ಕದ, ಅಂದರೆ ಕೊಡವ ಮನೆತನದ, ಒಂದು ಮದುವೆಗೆ ಹತ್ತಾರು ಒಕ್ಕಗಳ ನೆಂಟರು ಸೇರುವ ಈ ಜಿಲ್ಲೆಯಲ್ಲಿ, ಹೇಳಿದ ದಿನಕ್ಕೆ ಆಲ್ಬಂ ಕೊಟ್ಟರೆಂಬ ಮಾತು ಯಾವ ಜಾಹೀರಾತಿಗಿಂತಲೂ ಬೇಗ ಹರಡುತ್ತದೆ.

ಹಣದ ಗುರಿಯ ಪಕ್ಕದಲ್ಲಿ ಕಲೆಯ ಗುರಿಯೂ ಇರಲಿ, ವರ್ಷಕ್ಕೆ ಒಂದೋ ಎರಡೋ ಸಾಕು. ಕೊಡವ ಮದುವೆಯಲ್ಲಿ ವರ ತೊಡುವ ಬಿಳಿ ನಿಲುವಂಗಿಯಾದ ಕುಪ್ಯ ಬಿಸಿಲಿನಲ್ಲಿ ಬರಿಯ ಬಿಳಿಯ ಕಲೆಯಾಗಿ ಹೋಗದೆ ಬಟ್ಟೆಯ ಮಡಿಕೆಗಳು ಕಾಣಬೇಕಾದರೆ, ಕ್ಯಾಮೆರಾದ ಬೆಳಕನ್ನು ಬಿಳುಪಿಗೆ ಹೊಂದಿಸಿ ಮುಖದ ನೆರಳನ್ನು ಆಮೇಲೆ ಎಡಿಟಿಂಗ್‌ನಲ್ಲಿ ಬೆಳಗಿಸಿಕೊಳ್ಳುವ ಅಭ್ಯಾಸ ಬೇಕು. ಗಂಗಾಪೂಜೆಯ ಬಳಿಕ ನೀರು ಹೊತ್ತ ವಧುವಿನ ಹಾದಿಗೆ ಅಡ್ಡಲಾಗಿ ನೆಂಟರು ಕುಣಿಯುವಾಗ, ಆ ಗದ್ದಲದಲ್ಲಿ ಅವಳ ಮುಖವನ್ನು ಕಾಯುವುದು ಬೇರೆಯೇ ತಾಳ್ಮೆಯನ್ನು ಬೇಡುತ್ತದೆ. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಗದ್ದೆಯಲ್ಲಿ ಭತ್ತದ ಕದಿರು ತೆಗೆಯುವುದನ್ನು ಫ್ಲ್ಯಾಶ್ ಇಲ್ಲದೆ, ಇರುವ ದೀಪದ ಬೆಳಕಿನಲ್ಲೇ ಹಿಡಿಯುವುದು ಒಂದಿಡೀ ವರ್ಷದ ಗುರಿಯಾಗಬಲ್ಲದು. ಹೊಸ ಸಲಕರಣೆಯ ಖರೀದಿಯನ್ನು ಇಂಥ ಗುರಿಯೆಂದು ಎಣಿಸಬಾರದು. ಡ್ರೋನ್ ಕೊಳ್ಳುವ ಆಸೆ ಇದ್ದರೆ ಅದರ ಬೆಲೆಯೊಂದಿಗೆ ನೋಂದಣಿಯನ್ನೂ, 2021ರ ನಿಯಮಗಳಂತೆ 250 ಗ್ರಾಂಗಿಂತ ಭಾರವಾದದ್ದನ್ನು ವೃತ್ತಿಗಾಗಿ ಹಾರಿಸಲು ಬೇಕಾದ ಪೈಲಟ್ ಪ್ರಮಾಣಪತ್ರವನ್ನೂ ಲೆಕ್ಕಕ್ಕೆ ಸೇರಿಸಿ.

ಮಳೆಗಾಲದ ಕೆಲಸಗಳನ್ನು ಮೇ ತಿಂಗಳಲ್ಲೇ ಪಟ್ಟಿ ಮಾಡಿಡಬೇಕು, ಏಕೆಂದರೆ ಮೋಡ ಕವಿದ ಮೇಲೆ ಯೋಜನೆ ಹಾಕುವ ಉತ್ಸಾಹವೂ ಉಳಿಯುವುದಿಲ್ಲ. ಮೊದಲ ಕೆಲಸ ಲೆನ್ಸ್‌ಗಳನ್ನು ಕಾಪಾಡುವುದು. ಇಲ್ಲಿಯ ತೇವಕ್ಕೆ ಗಾಜಿನ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ತೇವಾಂಶ ಶೇಕಡಾ 40ರಿಂದ 50ರೊಳಗೆ ಇರುವ ಪೆಟ್ಟಿಗೆಯಲ್ಲಿ ಅವನ್ನಿಟ್ಟು, ಜೊತೆಗಿಟ್ಟ, ತೇವ ಹೀರುವ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದೊಡನೆ ಆ ಜೆಲ್ಲನ್ನು ತೆಗೆದು ಬಿಸಿಮಾಡಿ ಒಣಗಿಸಿ. ಎರಡನೆಯದು ಹಳೆಯ ಚಿತ್ರಗಳ ಪ್ರತಿಗಳು. ಮೂರು ಪ್ರತಿಗಳಿರಲಿ, ಒಂದು ಪ್ರತಿ ಮನೆಯಿಂದ ದೂರ, ಮೈಸೂರಿನ ನೆಂಟರ ಮನೆಯಲ್ಲೋ ಕ್ಲೌಡ್‌ನಲ್ಲೋ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದದ್ದನ್ನು ನೋಡಿದ ಜಿಲ್ಲೆಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೂರನೆಯದು ನಿಮ್ಮ ಮನಸ್ಸಿಗಾಗಿ ಮಾಡುವ ಕೆಲಸ. ನಿಮ್ಮ ಊರಿನ ಐನ್‌ಮನೆಗಳನ್ನು, ಅಂದರೆ ಒಕ್ಕಗಳ ಮೂಲಮನೆಗಳನ್ನು, ಒಂದೊಂದಾಗಿ ಚಿತ್ರಿಸಬಹುದು, ಅಲ್ಲಿಯ ಗೋಡೆಗಳಲ್ಲಿ ಮಾಸುತ್ತಿರುವ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಸರಿಪಡಿಸಿಕೊಡಬಹುದು. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ಹತ್ತು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಅಂಗಡಿಯಲ್ಲೇ ತೂಗುಹಾಕುವೆನೆಂದು ದಿನ ಗೊತ್ತುಮಾಡಿಕೊಂಡರೆ ಮಳೆಯ ತಿಂಗಳುಗಳಿಗೂ ಒಂದು ಕೊನೆ, ಒಂದು ಮೊದಲು ಸಿಗುತ್ತದೆ.

ದಿನನಿತ್ಯದ ಹುರುಪಿಗೆ ಎರಡು ಮಾತು ಸಾಕು. ಬೆಳಿಗ್ಗೆ ಕರೆಂಟ್ ಇರುವಾಗಲೇ ಎಡಿಟಿಂಗ್ ಮುಗಿಸಿ, ಸಂಜೆಯ ನಂತರ ಕಂಪ್ಯೂಟರ್ ಮುಚ್ಚಿಡಿ. ಹಾಗೆಯೇ, ಪಕ್ಕದ ಊರಿನ ಒಬ್ಬ ಛಾಯಾಗ್ರಾಹಕರೊಡನೆ ತಿಂಗಳಿಗೊಮ್ಮೆ ಕುಳಿತು ಪರಸ್ಪರ ಚಿತ್ರಗಳನ್ನು ನೋಡಿ, ದಾಕ್ಷಿಣ್ಯವಿಲ್ಲದೆ ಮಾತಾಡಿ. ಒಂದೇ ದಿನ ಎರಡು ಮದುವೆ ಬಂದಾಗ ಒಂದನ್ನು ಒಪ್ಪಿಸಲು ನಂಬಿಕೆಯ ಕೈಯೂ ಇದರಿಂದ ದೊರೆಯುತ್ತದೆ.

ವರ್ಷದ ಲೆಕ್ಕವನ್ನು ಮರುಪರಿಶೀಲಿಸಲು ಸೆಪ್ಟೆಂಬರ್ ಆರಂಭದಲ್ಲಿ ಬರುವ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತವೇ ತಕ್ಕ ಹೊತ್ತು. ಹಬ್ಬಕ್ಕೆ ಐನ್‌ಮನೆಯಲ್ಲಿ ಸೇರಿದ ಒಕ್ಕದವರ ಗುಂಪುಚಿತ್ರದಿಂದ ಮುಂದಿನ ಕಾಲದ ಕೆಲಸವನ್ನು ಆರಂಭಿಸಿ. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವ, ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆ ಬರುವುದರೊಳಗೆ ಬಾಕಿ ಉಳಿದ ಎಲ್ಲ ಆಲ್ಬಂಗಳನ್ನು ಕೊಟ್ಟು ಮುಗಿಸಿರಬೇಕು. ಚಳಿಗಾಲದ ಮದುವೆಗಳಿಗೆ ವಿಚಾರಿಸುವವರು ಅಷ್ಟರಲ್ಲಿ ಫೋನ್ ಮಾಡಲು ತೊಡಗಿರುತ್ತಾರೆ.