ಹೊಗೆ ಬಂದಾಗ ಎಕ್ಯೂಐ ನೋಡುವುದು ಹೇಗೆ? ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ

ಬೇಸಿಗೆ ಮುಗಿಯುತ್ತಾ ಬಂದರೆ ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿನ ಭಯ. ಬೆಂಕಿ ಎಲ್ಲೋ ದೂರದಲ್ಲಿದ್ದರೂ ಹೊಗೆ ನಮ್ಮ ಮನೆ ಬಾಗಿಲಿಗೆ ಬರುತ್ತದೆ. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಊರನ್ನು ಸುಟ್ಟ 'ಕ್ಯಾಂಪ್ ಫೈರ್' ಎಂಬ ಕಾಳ್ಗಿಚ್ಚಿನಿಂದ ಇಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಬೇ ಏರಿಯಾದಲ್ಲಿ, ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಅಂಕಿ) 200 ದಾಟಿ, ಶಾಲೆಗಳಿಗೆ ರಜೆ ಕೊಟ್ಟಿದ್ದರು.

ಮೊದಲು ತಿಳಿಯಬೇಕಾದ್ದು: ಭಾರತದ ಎಕ್ಯೂಐ ಬೇರೆ, ಇಲ್ಲಿನದು ಬೇರೆ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 (ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ) ಕಣಗಳಿದ್ದರೆ ಭಾರತದ ಲೆಕ್ಕದಲ್ಲಿ ಅದು 100, ಅಂದರೆ ಪರವಾಗಿಲ್ಲ. ಅದೇ ಗಾಳಿ ಇಲ್ಲಿ 150 ದಾಟಿ ಕೆಂಪು ಬಣ್ಣಕ್ಕೆ ಬರುತ್ತದೆ. 'ದೆಹಲಿಯಲ್ಲಿ 300 ನೋಡಿದವರು ನಾವು, 160 ಯಾವ ಲೆಕ್ಕ' ಅಂತ ಸುಮ್ನೆ ಕೂರಬೇಡಿ.

100ರವರೆಗೆ ಹೆಚ್ಚಿನವರಿಗೆ ಚಿಂತೆಯಿಲ್ಲ. 101ರಿಂದ 150 ಕಿತ್ತಳೆ ಬಣ್ಣ. ಮಕ್ಕಳು, ಗರ್ಭಿಣಿಯರು, ಅಸ್ತಮಾ ಅಥವಾ ಹೃದಯದ ತೊಂದರೆ ಇರುವವರು, ಊರಿಂದ ಬಂದಿರುವ ಅಪ್ಪ-ಅಮ್ಮ ಹೊರಗೆ ಜಾಸ್ತಿ ಹೊತ್ತು ಇರಬಾರದು. (ಅಪ್ಪನ ಬೆಳಗಿನ ವಾಕಿಂಗ್ ನಿಲ್ಲಿಸುವುದೇ ದೊಡ್ಡ ಕೆಲಸ, ಗೊತ್ತು.) 151 ದಾಟಿದರೆ ಎಲ್ಲರೂ ಹುಷಾರಾಗಿರಬೇಕು. 201ರಿಂದ ನೇರಳೆ, ಆಗ ಮನೆಯಲ್ಲೇ ಇರಿ.

ಎಲ್ಲಿ ನೋಡಬೇಕು? ನಮ್ಮ ಸಲಹೆ ಅಮೆರಿಕ ಸರ್ಕಾರದ ಗಾಳಿ ಮಾಹಿತಿ ತಾಣ ಏರ್‌ನೌನ 'ಫೈರ್ ಅಂಡ್ ಸ್ಮೋಕ್ ಮ್ಯಾಪ್'. ಅದರಲ್ಲಿ ವೃತ್ತಗಳು ಸರ್ಕಾರಿ ಮಾಪನ ಕೇಂದ್ರಗಳು. ಚೌಕಗಳು ಜನ ಮನೆಯ ಹೊರಗೆ ಹಾಕಿಕೊಂಡ ಪರ್ಪಲ್‌ಏರ್‌ನಂಥ ಸಣ್ಣ ಸೆನ್ಸರ್‌ಗಳು. ವೃತ್ತ ಹೆಚ್ಚು ನಿಖರ, ಚೌಕ ನಿಮ್ಮ ಬೀದಿಗೆ ಹತ್ತಿರ. ಸುತ್ತಲೂ ಕೆಂಪಿದ್ದು ಒಂದೇ ಒಂದು ಚೌಕ ಹಸಿರಾಗಿದ್ದರೆ ಅದನ್ನು ನಂಬಬೇಡಿ. ಪರ್ಪಲ್‌ಏರ್‌ನ ಸ್ವಂತ ನಕ್ಷೆ ನೋಡುವವರು 'ಯುಎಸ್ ಇಪಿಎ' (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ತಿದ್ದುಪಡಿ ಆರಿಸಿಕೊಳ್ಳಿ. ಇಲ್ಲದಿದ್ದರೆ ಕಟ್ಟಿಗೆ ಹೊಗೆಯಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಏರ್‌ನೌ ಅಂಕಿಯಲ್ಲಿ ಹಿಂದಿನ ಕೆಲವು ಗಂಟೆಗಳ ಲೆಕ್ಕವೂ ಸೇರಿರುತ್ತದೆ. ಗಾಳಿ ತಟ್ಟನೆ ದಿಕ್ಕು ಬದಲಿಸಿದರೆ ಅಂಕಿ ಸ್ವಲ್ಪ ಹಿಂದೆ ಬೀಳುತ್ತದೆ.

ಆಕಾಶ ನೋಡಿ ಲೆಕ್ಕ ಹಾಕಬೇಡಿ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಗಲೇ ಕಿತ್ತಳೆ ಕತ್ತಲೆ ಕವಿದಿತ್ತು. ಆದರೆ ಹೊಗೆ ಮೇಲಿತ್ತು, ಕೆಳಗೆ ಸಮುದ್ರದ ಮಂಜಿತ್ತು. ನೆಲದ ಗಾಳಿ ನಿಜವಾಗಿ ಕೆಟ್ಟಿದ್ದು ಮುಂದಿನ ದಿನಗಳಲ್ಲಿ.

ಅಂಕಿ ಏರಿದಾಗ ಕಿಟಕಿ ಮುಚ್ಚಿ, ಏರ್ ಪ್ಯೂರಿಫೈಯರ್ ಹಾಕಿ. ಕಾರಿನಲ್ಲಿ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ನಮ್ಮವರು ಮರೆಯುವುದು ಅಡುಗೆಮನೆಯನ್ನು. ಮೆಣಸಿನಕಾಯಿ ಒಗ್ಗರಣೆ, ಕರಿಯುವುದು, ಊದುಬತ್ತಿ, ಎಲ್ಲವೂ ಮುಚ್ಚಿದ ಮನೆಯೊಳಗೆ ಅದೇ ಸಣ್ಣ ಕಣಗಳನ್ನು ತುಂಬುತ್ತವೆ. ಚಿಮಣಿ ಹಾಕೋಣವೆಂದರೆ, ಅದು ಹೊರಕ್ಕೆ ಎಳೆದಷ್ಟು ಗಾಳಿ ಸಂದಿಗೊಂದಿಯಿಂದ ಒಳಗೆ ಬರುತ್ತದೆ, ಹೊಗೆ ಸಮೇತ. ಅಂಥ ದಿನ ಮೊಸರನ್ನ, ಕೋಸಂಬರಿ ಸಾಕು ಅಲ್ವಾ? ಗಣೇಶನ ಹಬ್ಬವೂ ಇದೇ ಕಾಲಕ್ಕೆ ಬರುತ್ತದೆ. ಹೋಮ ಇಟ್ಟುಕೊಂಡಿದ್ದರೆ ಮುಂದೂಡಿ.

ಬಟ್ಟೆ ಮಾಸ್ಕ್ ಈ ಹೊಗೆಗೆ ಪ್ರಯೋಜನವಿಲ್ಲ, ಎನ್95 ಬೇಕು. ಹೊಗೆ ಬಂದ ಮೇಲೆ ಎಲ್ಲರೂ ಅಂಗಡಿಗೆ ಓಡುತ್ತಾರೆ, ಜುಲೈನಲ್ಲೇ ಒಂದು ಡಬ್ಬ ತಂದಿಡಿ.